ಮೆಣಸಿನಕಾಯಿ ಹೊಲದವರೆಗೆ ನೀತಿಪಾಠ

ಬಳ್ಳಾರಿ ಗುಡ್ಡದ ಬಂಡೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾದಿರುತ್ತದೆ. ಕೆಳಗೆ ಕೋಟೆ ರಸ್ತೆಯಲ್ಲಿ ಆಟೋಗಳಿಂದ ಮಕ್ಕಳು ಇಳಿಯುತ್ತಿದ್ದಾರೆ, ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಮಾತು. ಸೇಂಟ್ ಜಾನ್ಸ್, ಸೇಂಟ್ ಫಿಲೋಮಿನಾ, ವಾರ್ಡ್ಲಾ ಎಂದರೆ ಸಾಕು, ಇಲ್ಲಿನ ಆಟೋದವರಿಗೆ ಮತ್ತೆ ದಾರಿ ಹೇಳಬೇಕಿಲ್ಲ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತವರು ಜೊತೆಜೊತೆಗೇ ಶಾಲೆಯನ್ನೂ ತೆರೆದರು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು, ಕಿಟೆಲ್ ನಿಘಂಟಿಗಿಂತ ಅರವತ್ತೆರಡು ವರ್ಷ ಮೊದಲು. ವಾರ್ಡ್ಲಾ ಶಾಲೆ 1846ರದ್ದು. ಇಲ್ಲೆಲ್ಲ ಓದಿದವರಲ್ಲಿ ಬಹುಪಾಲು ಮಂದಿ ಕ್ರೈಸ್ತರಲ್ಲ, ಕ್ರೈಸ್ತರಾಗಲೂ ಇಲ್ಲ. ಶಿಸ್ತು, ಓದು, ಇಂಗ್ಲಿಷ್ ಕಲಿತು ತಮ್ಮ ತಮ್ಮ ಮನೆಗೆ ಹೋದರು. ಊರು ಈ ಶಾಲೆಗಳನ್ನು ತನ್ನವೆಂದುಕೊಂಡದ್ದು ಹಾಗೆ.

ಅಂಥದೊಂದು ಶಾಲೆಯಲ್ಲಿ ನಾನು ಕೂತ ತರಗತಿಯಲ್ಲಿ ಗಂಟೆ ಬಾರಿಸಿದ್ದೇ ಕ್ರೈಸ್ತ ಮಕ್ಕಳು ಧರ್ಮಬೋಧೆಗೆಂದು ಪಕ್ಕದ ಕೋಣೆಗೆ ಎದ್ದುಹೋದರು. ಉಳಿದವರಿಗೆ ಮೌಲ್ಯ ಶಿಕ್ಷಣ. ಅವತ್ತಿನ ವಿಷಯ ಕಾಪಿ ಹೊಡೆಯುವುದು. ‘ಗೆಳೆಯ ಉತ್ತರ ತೋರಿಸು ಅಂದ್ರೆ ಏನು ಮಾಡ್ತೀರಿ?’ ಎಂದು ಟೀಚರ್ ಕೇಳಿದರು. ‘ತೋರಿಸಲ್ಲ’ ಎಂದು ಎಲ್ಲರೂ ಒಂದೇ ರಾಗ ಎಳೆದರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ‘ತೋರ್ಸದಿದ್ರ ಮಾತು ಬಿಡ್ತಾನ್ರಿ ಟೀಚರ್’ ಎಂದ. ಟೀಚರ್ ಗದರಲಿಲ್ಲ. ‘ಮಾತು ಬಿಟ್ರೆ ಏನು ಮಾಡೋಣ, ಎಲ್ಲರೂ ಹೇಳ್ರಿ’ ಎಂದರು. ಆಮೇಲೆ ಶುರುವಾಯಿತು ನಿಜವಾದ ಪಾಠ. ಪರೀಕ್ಷೆಗೆ ಮುಂಚೆ ಕೂಡಿ ಓದೋಣ ಎಂದೊಬ್ಬಳು, ಅಷ್ಟು ಹೊತ್ತು ನನ್ನನ್ನು ಮನೆಯಲ್ಲಿ ಬಿಡುವುದಿಲ್ಲ ಎಂದು ಇನ್ನೊಬ್ಬಳು. ಗಂಟೆ ಬಾರಿಸಿದರೂ ಮಾತು ಮುಗಿದಿರಲಿಲ್ಲ.

ಕಥೊಲಿಕ ವಿದ್ಯಾರ್ಥಿಗಳ ವೈಸಿಎಸ್ ಚಳವಳಿಯ ಕ್ರಮವೂ ಇದೇ: ಕಣ್ಣಾರೆ ನೋಡು, ತೂಗಿ ನೋಡು, ಕೈಯಾರೆ ಮಾಡು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ದುಡಿಯುವ ಹುಡುಗರಿಗೆಂದು ರೂಪಿಸಿದ್ದು. ಜೀನ್ಸ್ ಹೊಲಿಗೆಯ ಬಳ್ಳಾರಿಗೆ ಹೇಳಿ ಮಾಡಿಸಿದ ಹಾಗಿದೆ.

ಧರ್ಮಬೋಧೆಗೆ ಕೋಣೆ ಬೇರೆ ಮಾಡುವುದು ಸೌಜನ್ಯಕ್ಕಷ್ಟೇ ಅಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ, ಚಿಕ್ಕವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಸೇವೆ ಮಾಡುವವರು ಈ ಗೆರೆಯನ್ನು ಎಲ್ಲರಿಗಿಂತ ಬಿಗಿಯಾಗಿ ಕಾಯಬೇಕು. ಮಗು ಎದುರಾಡಲಾರದು. ಅದರ ಸಂಕೋಚವನ್ನು ನಂಬಿಕೆ ಎಂದುಕೊಳ್ಳುವುದು ಅನ್ಯಾಯ.

ಕುರುಗೋಡಿನ ದಾರಿಯಲ್ಲಿ ಕಾಲುವೆ ನೀರಿನ ಹೊಲಗಳು ಕೆಂಪಾಗಿದ್ದವು. ಜೊತೆಗೆ ಬಂದಿದ್ದ ಸಿಸ್ಟರ್ ದೊಡ್ಡಬಸವೇಶ್ವರ ಗುಡಿ ದಾಟಿ ಒಂದು ಓಣಿಗೆ ತಿರುಗಿದರು. ಎಂಟನೇ ಕ್ಲಾಸಿನ ಹುಡುಗಿ ಹತ್ತು ದಿನದಿಂದ ಶಾಲೆಗೆ ಬಂದಿರಲಿಲ್ಲವಂತೆ. ‘ಅವರವ್ವ ಮೆಣಸಿನಕಾಯಿ ಬಿಡಸಾಕ ಹೋಗ್ಯಾಳ್ರೀ, ತಮ್ಮನ್ನ ನೋಡ್ಕಂಡು ಮನ್ಯಾಗ ಅದಾಳ’ ಎಂದಳು ಪಕ್ಕದ ಮನೆಯಾಕೆ. ಹುಡುಗಿ ಹೊರಗೆ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ವಿಜ್ಞಾನದ ಪುಸ್ತಕ, ಅದಕ್ಕೆ ಹಳೇ ಕ್ಯಾಲೆಂಡರಿನ ರಟ್ಟು. ಸಿಸ್ಟರ್ ಬುದ್ಧಿವಾದ ಹೇಳಲಿಲ್ಲ. ತಮ್ಮನಿಗೆ ಎಷ್ಟು ವಯಸ್ಸು, ಅಂಗನವಾಡಿ ಎಷ್ಟು ದೂರ, ಅವ್ವ ಎಷ್ಟಕ್ಕೆ ಮನೆಗೆ ಬರುತ್ತಾಳೆ ಎಂದಷ್ಟೇ ಕೇಳಿ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಸಂಜೆ ಅವ್ವ ಬರುವವರೆಗೂ ಕಾದು, ಮೂರು ವರ್ಷ ತುಂಬಿದ ತಮ್ಮನನ್ನು ಮರುದಿನವೇ ಅಂಗನವಾಡಿಗೆ ಬಿಡುವಂತೆ ಒಪ್ಪಿಸಿದರು.

ಸಿರುಗುಪ್ಪ ಭತ್ತದ ಸೀಮೆ, ಅಲ್ಲಿಯೂ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಬೆಂಚು ಖಾಲಿ. ಇಂಥ ಕಡೆಗೆ ಒಂದು ದಿನದ ‘ಶೀಲ ನಿರ್ಮಾಣ’ ಶಿಬಿರ ಬಂದರೆ ಹಾಡು, ಆಟ, ಪೆನ್ನು, ಫೋಟೋ ಎಲ್ಲ ಆಗುತ್ತದೆ, ಮಕ್ಕಳು ನಗುತ್ತಾರೆ. ಆ ನಗು ಸುಳ್ಳಲ್ಲ. ಆದರೆ ಆ ದಿನ ಹೊಲದಲ್ಲಿದ್ದ ಮಗುವಿಗೆ ಏನೂ ಸಿಗುವುದಿಲ್ಲ. ಶಿಬಿರಕ್ಕೆ ಹಣ ಕೊಡುವ ಸಭೆಗಳು, ಸಂಘಗಳು ಮೆಣಸಿನಕಾಯಿ ಬಿಡಿಸುವ ಜನವರಿಯಿಂದ ಮಾರ್ಚ್‌ವರೆಗೆ ಓಣಿ ಓಣಿ ತಿರುಗುವ ಒಬ್ಬ ಶಿಕ್ಷಕಿಯ ಸಂಬಳ ಕೊಡಲಿ, ಯಾವ ಜಾತಿ ಯಾವ ಧರ್ಮ ಎಂದು ಕೇಳದೆ ಆಕೆ ಬಾಗಿಲು ಬಡಿಯಲಿ. ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಸ್ಟರ್‌ಗೂ ಇದನ್ನೇ ಹೇಳಿದೆ. ‘ಬರೀರಿ’ ಎಂದರು. ಅವರ ಚೀಟಿಯಲ್ಲಿ ಇನ್ನೂ ನಾಲ್ಕು ಮನೆ ಬಾಕಿ ಇದ್ದವು.