ಅಳಿವೆಯ ಬಾಗಿಲಲ್ಲಿ ಕಾಯುವವರು

ಮಂಗಳೂರಿನ ಹಳೆಯ ಬಂದರಿಗೆ ಮರಳುವ ನಾವಿಕನಿಗೆ ನಡುಗಡಲಿಗಿಂತ ಹೆಚ್ಚಿನ ಭಯವು ಬೆಂಗ್ರೆಗೂ ಉಳ್ಳಾಲಕ್ಕೂ ನಡುವಣ ಅಳಿವೆಯದು. ನೇತ್ರಾವತಿ, ಗುರುಪುರ ನದಿಗಳು ತಂದ ಮಣ್ಣೂ, ಕಡಲು ದಂಡೆಯುದ್ದಕ್ಕೂ ನೂಕಿದ ಮರಳೂ ಕೂಡಿ ಅಲ್ಲಿ ನೀರಿನಡಿ ದಿಣ್ಣೆ ಕಟ್ಟುತ್ತವೆ. ಆಂಗ್ಲರ ಆಳಿಕೆಯಲ್ಲಿ ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಿ ಸರಕನ್ನು ದೋಣಿಗಳಿಗೆ ಇಳಿಸುತ್ತಿದ್ದುದು ಇದಕ್ಕಾಗಿಯೇ. 1974ರಲ್ಲಿ ಪಣಂಬೂರಿನ ಹೊಸ ಬಂದರು ಉಂಟಾಗಿ ಅವುಗಳ ಕಷ್ಟವೇನೋ ತೀರಿತು. ಮೀನುಗಾರರಿಗೂ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೂ ಹಳೆಯ ಬಾಗಿಲೇ ಗತಿ. ಇಕ್ಕೆಲದಲ್ಲಿ ಕಲ್ಲಿನ ತಡೆಗೋಡೆಗಳೆದ್ದ ಮೇಲೂ ಹೂಳು ನಿಂತಿಲ್ಲ.

ಐದಡಿ ಎತ್ತರದ ಅಲೆಯು ಆರೇಳಡಿ ಆಳದ ನೀರಿಗೆ ಬಂದೊಡನೆ ಮುರಿದು ಬೀಳುವುದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಎದುರಾಗಿ ನುಗ್ಗುವುದರಿಂದ ಅದೇ ಅಲೆಯು ಮತ್ತಷ್ಟು ಕಡಿದಾಗಿ ನಿಲ್ಲುತ್ತದೆ. ಆದುದರಿಂದ ಬಲ್ಲ ತಂಡೇಲನು ಭರತವು ಮುಕ್ಕಾಲು ಏರುವವರೆಗೆ ಹೊರಗೆ ಕಾಯುತ್ತಾನೆ; ಏರುವ ನೀರಿನಲ್ಲಿ ತಳ ತಾಗಿದರೂ ನೀರೇ ದೋಣಿಯನ್ನು ಎತ್ತೀತು, ಇಳಿಯುವ ನೀರಿನಲ್ಲಿ ತಾಗಿದರೆ ಅಲೆಗಳ ಕೈಗೆ ಸಿಕ್ಕಿತೆಂದೇ ಲೆಕ್ಕ. ಕಡಲ ಕಡೆಯಿಂದ ನೋಡುವವನಿಗೆ ಕಾಣುವುದು ಅಲೆಯ ಬೆನ್ನು ಮಾತ್ರ. ಅದರ ಬಾಯಿ ಎಷ್ಟು ಭಯಂಕರವೆಂಬುದು ದಡದವನಿಗೇ ಗೊತ್ತು. ದೊಡ್ಡ ಅಲೆಗಳ ಸಾಲು ಹಾದುಹೋದ ಬಳಿಕ, ಒಂದಲೆಯ ಬೆನ್ನು ಹಿಡಿದು, ಅದರ ನೆತ್ತಿಯನ್ನು ದಾಟದಂತೆ ವೇಗವನ್ನು ಬಿಗಿಹಿಡಿದು ಒಳಸೇರಬೇಕು. ಹಿಂದಿನ ಅಲೆಯು ಹಿಂಬದಿಯನ್ನೆತ್ತಿ ಮೂತಿಯನ್ನು ನೀರಿಗೊತ್ತಿತೆಂದರೆ ದೋಣಿಯು ಅಡ್ಡ ತಿರುಗುವುದು, ಮಗುಚುವುದು. ಚುಕ್ಕಾಣಿ ಆಗ ಮರದ ತುಂಡಿಗೆ ಸಮಾನ. ಬಾಗಿಲಗಲಕ್ಕೂ ಬಿಳಿನೊರೆಯಿದ್ದರೆ ಒಳಬರುವ ಆಲೋಚನೆಯೇ ಸಲ್ಲದು.

ಕಾಯಿರಿ ಎಂದು ದಡದಲ್ಲಿ ಕುಳಿತು ಬೋಧಿಸುವುದು ಸುಲಭ. ಮಂಜುಗಡ್ಡೆ ಕರಗುತ್ತಿರುವಾಗ, ಮೀನಿನ ದರ ಇಳಿಯುತ್ತಿರುವಾಗ, ಡೀಸೆಲಿನ ಸಾಲ ತಲೆಯ ಮೇಲಿರುವಾಗ ಒಂದು ಭರತವನ್ನು ಬಿಟ್ಟುಕೊಡುವುದೆಂದರೆ ಮನೆಯ ಅನ್ನವನ್ನು ಬಿಟ್ಟುಕೊಟ್ಟಂತೆ. ಹೀಗಿರುವವನ ಸಾಹಸವನ್ನು ಅವಿವೇಕವೆಂದು ಕರೆಯಲು ನಮಗೆ ಮನಸ್ಸಿಲ್ಲ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವುಂಟು. ಆಗಸ್ಟಿನಲ್ಲಿ ಅವು ಹೊರಡುವಾಗ ಕಡಲಿನ ಸಿಟ್ಟು ಪೂರ್ತಿ ಇಳಿದಿರುವುದಿಲ್ಲ. ಮಳೆಗಾಲದ ನೆರೆಯು ದಿಣ್ಣೆಯನ್ನು ಸರಿಸಿರುತ್ತದೆ, ಕಳೆದ ವರ್ಷದ ದಾರಿಯು ಇಂದಿನ ದಾರಿಯಾಗಿರಬೇಕೆಂಬ ನಿಯಮವಿಲ್ಲ. ಕಡಲು ಎಡೆಗೊಟ್ಟ ಮೊದಲ ದಿನವೇ, ಮೀನುಗಾರಿಕೆಯ ಮೊದಲ ದೋಣಿ ಹೊರಡುವುದಕ್ಕೆ ಮುಂಚೆ, ಅಳಿವೆಯ ಆಳವನ್ನಳೆದು, ಗುರುತಿನ ಬುರುಡೆಗಳನ್ನು ಹೊಸ ದಾರಿಗೆ ಸರಿಸಿ, ಆ ಅಳತೆಯನ್ನು ಬಂದರಿನ ಕಟ್ಟೆಯಲ್ಲಿ ಕನ್ನಡದಲ್ಲಿ ಬರೆದು ತೂಗಹಾಕುವುದು ಸರಕಾರದ ಹೊಣೆ. ಅಳೆಯುವ ದೋಣಿಯಲ್ಲಿ ಊರಿನ ತಂಡೇಲನೊಬ್ಬನನ್ನು ಕೂರಿಸಿಕೊಂಡು ಹೋಗಲಿ. ಹೂಳೆತ್ತುವ ಹಣವನ್ನು ಎಲ್ಲಿ ಸುರಿಯಬೇಕೆಂಬುದನ್ನು ಆತನು ಕೈದೋರಿ ಹೇಳಬಲ್ಲನು.