ನಾನೂರ ನಲವತ್ತೇಳನೆಯ ಬೈಟ್

2011ರ ನವೆಂಬರ್‌ನಲ್ಲಿ ಫೆಡೋರಾ ಎಂಬ ಲಿನಕ್ಸ್‌ನ 16ನೇ ಆವೃತ್ತಿ ಬಿಡುಗಡೆಯಾಯಿತು. ಹಾಕಿಕೊಂಡವರಲ್ಲಿ ಕೆಲವರ ದೂರು ಒಂದೇ ಆಗಿತ್ತು: ಇನ್‌ಸ್ಟಾಲ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ, ರೀಸ್ಟಾರ್ಟ್ ಮಾಡಿದರೆ ಬೂಟ್ ಆಗುವಂಥ ಡಿಸ್ಕೇ ಇಲ್ಲ ಎಂದು ಕಂಪ್ಯೂಟರ್ ಹಟ ಹಿಡಿಯುತ್ತದೆ. ಮಿಕ್ಕ ಎಷ್ಟೋ ಯಂತ್ರಗಳಲ್ಲಿ ಅದೇ ಫೆಡೋರಾ ಸಲೀಸಾಗಿ ಓಡುತ್ತಿತ್ತು. ಕೈಕೊಟ್ಟವುಗಳಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳು ಎದ್ದು ಕಂಡವು. ಡಿಸ್ಕ್ ಕೆಟ್ಟಿರಲಿಲ್ಲ, ಅದರಲ್ಲಿ ಬರೆದ ಒಂದಕ್ಷರವೂ ತಪ್ಪಾಗಿರಲಿಲ್ಲ.

ಹೊಸದೇನು ಎಂದರೆ ಡಿಸ್ಕನ್ನು ಪಾಲು ಮಾಡಿದ ರೀತಿ. ಪಾಲುಗಳ, ಅಂದರೆ ಪಾರ್ಟಿಶನ್‌ಗಳ, ವಿವರ ಬರೆದಿಡುವ ಹಳೆಯ ಎಂಬಿಆರ್ ಪದ್ಧತಿ 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆ ಬಂದದ್ದು; ಆ ಯಂತ್ರದ ಡಿಸ್ಕ್ 10 ಮೆಗಾಬೈಟಿನದು. ಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ 446 ಬೂಟ್ ಮಾಡುವ ಪುಟ್ಟ ಪ್ರೋಗ್ರಾಂಗೆ, ಮುಂದಿನ 64 ನಾಲ್ಕು ಪಾರ್ಟಿಶನ್‌ಗಳ ವಿವರಕ್ಕೆ, ಕೊನೆಯ ಎರಡು 55 ಎಎ (ಹೆಕ್ಸಾಡೆಸಿಮಲ್‌ನಲ್ಲಿ) ಎಂಬ ಗುರುತಿಗೆ. ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇರುವುದರಿಂದ ಸುಮಾರು 2.2 ಟೆರಾಬೈಟ್‌ನ ಆಚೆಗೆ ಅದರ ಲೆಕ್ಕ ಹೋಗುವುದಿಲ್ಲ. 2010ರಲ್ಲಿ 3 ಟೆರಾಬೈಟಿನ ಡಿಸ್ಕುಗಳು ಮಾರುಕಟ್ಟೆಗೆ ಬಂದಾಗ ಈ ಗೋಡೆ ಎದುರಾಯಿತು. ಯಂತ್ರ ಶುರುವಾದಾಗ ಮೊದಲು ಓಡುವ ಫರ್ಮ್‌ವೇರ್‌ಗೆಂದು ಇಂಟೆಲ್ ತಂದ ಇಎಫ್‌ಐಗಾಗಿ (ಮುಂದೆ ಯುಇಎಫ್‌ಐ) ರೂಪಿಸಿದ್ದ ಜಿಪಿಟಿ ಎಂಬ ಪದ್ಧತಿಗೆ ಆ ಮಿತಿ ಇಲ್ಲ. ಫೆಡೋರಾ 16 ಅದನ್ನೇ ಬಯಾಸ್ ಎಂಬ ಹಳೆಯ ಫರ್ಮ್‌ವೇರ್ ಇರುವ ಯಂತ್ರಗಳಿಗೂ ಒಗ್ಗಿಸಲು ಹೊರಟಿತ್ತು. ಅದರ ಬೂಟ್‌ಲೋಡರ್ ಗ್ರಬ್ 2 ತನ್ನ ಭಾಗವನ್ನು ಇಡಲು 1 ಮೆಗಾಬೈಟಿನ ಪಾರ್ಟಿಶನ್ ಒಂದಿದ್ದರೆ ಸಾಕಿತ್ತು.

ಜಿಪಿಟಿ ಡಿಸ್ಕಿನಲ್ಲೂ ಮೊದಲ ಸೆಕ್ಟರಿನಲ್ಲಿ ಎಂಬಿಆರ್ ಇರುತ್ತದೆ, ಕಾವಲಿಗೆಂದು. ಜಿಪಿಟಿ ತಿಳಿಯದ ಹಳೆಯ ಸಾಧನಗಳು ಡಿಸ್ಕ್ ಖಾಲಿಯೆಂದುಕೊಂಡು ಅಳಿಸಿಬಿಡದಿರಲಿ ಎಂದು, ಇಡೀ ಡಿಸ್ಕನ್ನು ಆವರಿಸುವ ಒಂದೇ ಪಾರ್ಟಿಶನ್ ಇದೆಯೆಂದು ಅದರಲ್ಲಿ ಬರೆದಿರುತ್ತಾರೆ. ಆ ಸೆಕ್ಟರನ್ನು ಬೈಟ್ ಬೈಟಾಗಿ ತೆರೆದು ನೋಡಿದರೆ 446 ಬೈಟ್ ಕಳೆದ ಮೇಲೆ ಸಿಗುವುದು ಇದು: 00 00 02 00 ಇಇ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ 01 00 00 00. ಇಇ ಎಂದರೆ ಕಾವಲು ಪಾರ್ಟಿಶನ್. ಸಾಲಿನ ಮೊಟ್ಟಮೊದಲ 00 ಎಂದರೆ ಇದು ಬೂಟ್ ಮಾಡುವ ಪಾರ್ಟಿಶನ್ ಅಲ್ಲ. ಬೂಟ್ ಮಾಡುವುದಾದರೆ ಅಲ್ಲಿ 80 ಇರುತ್ತದೆ. ಯುಇಎಫ್‌ಐ ನಿಯಮಾವಳಿ ಕೇಳುವುದು 00.

ಸಿಕ್ಕು ಇದ್ದದ್ದು ಆ ಬೈಟಿನಲ್ಲೇ. ಐಬಿಎಂ ಕಾಲದಿಂದ ಬಯಾಸ್‌ನ ಕೆಲಸ ಬಹಳ ಚಿಕ್ಕದು: ಮೊದಲ ಸೆಕ್ಟರನ್ನು ಮೆಮೊರಿಗೆ ತಂದು, ಕೊನೆಯಲ್ಲಿ 55 ಎಎ ಇದೆಯೇ ನೋಡಿ, ಅಲ್ಲಿರುವ ಪ್ರೋಗ್ರಾಂಗೆ ಅಧಿಕಾರ ವಹಿಸಿ ಸರಿಯುವುದು. 80 ಎಲ್ಲಿದೆ ಎಂದು ಹುಡುಕುವುದು ಆ ಪ್ರೋಗ್ರಾಂಗೆ ಬಿಟ್ಟ ವಿಷಯ. ಗ್ರಬ್ ಅಂತೂ ಅದನ್ನು ಹುಡುಕುವುದೇ ಇಲ್ಲ. ಆದರೆ ಕೆಲವು ಬಯಾಸ್‌ಗಳು ತಾವೇ ಪಾರ್ಟಿಶನ್ ಪಟ್ಟಿಯಲ್ಲಿ ಕಣ್ಣಾಡಿಸುತ್ತಿದ್ದವು. 80 ಕಾಣದಿದ್ದರೆ ಇದರಿಂದ ಬೂಟ್ ಆಗದು ಎಂದು ತೀರ್ಮಾನ. ಇನ್ನು ಕೆಲವಕ್ಕೆ ಇಇ ಕಂಡರೆ ಸಾಕು, ಇದು ಯುಇಎಫ್‌ಐ ಡಿಸ್ಕು, ಹಳೆಯ ದಾರಿಯಲ್ಲಿ ಬೂಟ್ ಮಾಡುವುದೇ ಬೇಡ ಎಂಬ ಊಹೆ. ಅಂಚೆಯಣ್ಣ ಕವರು ತಲುಪಿಸುವ ಬದಲು ಒಡೆದು ಓದಿ, ಈ ಕಾಗದ ನಿಮಗೆ ಬೇಡ ಎಂದ ಹಾಗೆ. ಎಂಬಿಆರ್ ಒಂದೇ ಇದ್ದ ಕಾಲದಲ್ಲಿ ಈ ಇಣುಕಾಟದಿಂದ ಯಾರಿಗೂ ನಷ್ಟವಾಗಲಿಲ್ಲ. ಅದಕ್ಕೇ ಅದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಫರ್ಮ್‌ವೇರ್‌ನ ಒಳಗೆ ಏನಿದೆಯೆಂದು ಬಳಕೆದಾರರಿಗೆ ಕಾಣುವುದಿಲ್ಲ. ಹೊರಗಿನಿಂದ ಒಂದೊಂದೇ ಬೈಟ್ ಬದಲಿಸಿ ಅದರ ನಡತೆಯನ್ನು ನೋಡಬೇಕು, ಅಷ್ಟೇ. ಇಲ್ಲಿ ನೆರವಿಗೆ ಬಂದದ್ದು ಡಿಸ್ಕನ್ನು ಪಾಲು ಮಾಡುವ ಸಾಧನವಾದ ಆ ಕಾಲದ ಲಿನಕ್ಸ್ ಎಫ್‌ಡಿಸ್ಕ್. ಅದಕ್ಕೆ ಜಿಪಿಟಿ ಗೊತ್ತಿರಲಿಲ್ಲ. ನನಗಿದು ಬರುವುದಿಲ್ಲ, ಪಾರ್ಟೆಡ್ ಎಂಬ ಇನ್ನೊಂದು ಸಾಧನ ಬಳಸಿ ಎಂದು ಎಚ್ಚರಿಕೆ ಕೊಟ್ಟು, ತನ್ನ ಕಣ್ಣಿಗೆ ಕಂಡ ಒಂದೇ ಒಂದು ಇಇ ಪಾರ್ಟಿಶನ್ ತೋರಿಸುತ್ತಿತ್ತು. ಅಲ್ಲಿ ‘ಎ’ ಒತ್ತಿ, 1 ಕೊಟ್ಟು, ‘ಡಬ್ಲ್ಯೂ’ ಒತ್ತಿದರೆ ಕಾವಲು ಪಾರ್ಟಿಶನ್ನಿನ 00 ಹೋಗಿ 80 ಬರುತ್ತಿತ್ತು. ಜಿಪಿಟಿಯ ನಿಜವಾದ ಪಟ್ಟಿಗೆ ಏನೂ ಆಗುತ್ತಿರಲಿಲ್ಲ. ಇಷ್ಟರಿಂದಲೇ, ಡಿಸ್ಕ್ ಇಲ್ಲವೆಂದು ಹಟ ಹಿಡಿದಿದ್ದ ಎಷ್ಟೋ ಯಂತ್ರಗಳು ಬೂಟ್ ಆದವು. ಒಂದು ಬೈಟ್ ಬದಲಿಸಿ ಬಯಾಸ್‌ನ ಒಳಗುಟ್ಟನ್ನು ಹೊರಗೆಳೆದ ಈ ಪರೀಕ್ಷೆಯನ್ನು ನಾನು ಅಪ್ಪಟ ವಿಜ್ಞಾನವೆಂದೇ ಎಣಿಸುತ್ತೇನೆ. ಜಿಪಿಟಿ ಡಿಸ್ಕುಗಳ ಸಾಧನವಾದ ಜಿಡಿಸ್ಕ್ ಬರೆದ ರೋಡರಿಕ್ ಸ್ಮಿತ್ ಇಂಥ ಬಯಾಸ್‌ಗಳ ಚಾಳಿಗಳನ್ನು ತಾಳ್ಮೆಯಿಂದ ದಾಖಲಿಸಿಟ್ಟರು. ಇಇ ಇರುವ ಸಾಲಿಗೇ 80 ಬೇಕೆನ್ನುವವು, ಬೂಟ್ ಗುರುತು ಹೊತ್ತ ಬೇರೊಂದು ಉತ್ಸವಮೂರ್ತಿ ಪಾರ್ಟಿಶನ್ ಇದ್ದರೆ ಮಾತ್ರ ಒಪ್ಪುವವು, ಹೀಗೆ. ಪಾರ್ಟೆಡ್‌ಗೂ ಈ ಒಂದು ಬೈಟಿಗಾಗಿಯೇ ಪಿಎಂಬಿಆರ್_ಬೂಟ್ ಎಂಬ ಗುರುತು ಸೇರಿತು.

ಹಾಗಾದರೆ ಎಲ್ಲ ಡಿಸ್ಕಿಗೂ 80 ಬರೆದುಬಿಡಬಹುದಲ್ಲ ಎನಿಸಬಹುದು. ಆಗದು. ಈ ಬೈಟನ್ನು ಯುಇಎಫ್‌ಐ ಫರ್ಮ್‌ವೇರ್ ಗಮನಿಸಲೇಬಾರದು ಎಂದು ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ, ಅನೇಕ ಫರ್ಮ್‌ವೇರ್‌ಗಳಿಗೆ ತಳಹದಿಯಾದ ಇಡಿಕೆ2 ಎಂಬ ಮುಕ್ತ ಕೋಡ್‌ನಲ್ಲಿ ಕಾವಲು ಎಂಬಿಆರ್ ಸರಿಯಿದೆಯೇ ಎಂದು ನೋಡುವ ಜಾಗದಲ್ಲಿ, ಆ ಬೈಟ್ 00 ಆಗಿರಲೇಬೇಕು ಎಂಬ ಷರತ್ತು ಬರೆದಿದ್ದರು. ಅಲ್ಲಿ 80 ಕಂಡರೆ ಇದು ಜಿಪಿಟಿ ಡಿಸ್ಕೇ ಅಲ್ಲ! ಒಂದೇ ಬೈಟಿಗೆ ಒಬ್ಬರು 80 ಕೇಳುತ್ತಾರೆ, ಇನ್ನೊಬ್ಬರು 00. ಎರಡೂ ಬಗೆಯ ಯಂತ್ರಗಳಲ್ಲಿ ಓಡಬೇಕಾದ ಡಿಸ್ಕನ್ನು ತಯಾರಿಸುವವರಿಗೆ ಈ ಬಿಕ್ಕಟ್ಟಿನಿಂದ ಪೂರ್ತಿ ಬಿಡುಗಡೆ ಇಲ್ಲ.

ಫೆಡೋರಾ ತನ್ನ 17ನೇ ಆವೃತ್ತಿಯಲ್ಲಿ ಹಿಂದೆ ಸರಿದು, ಬಯಾಸ್ ಯಂತ್ರಗಳ ಸಾಮಾನ್ಯ ಡಿಸ್ಕುಗಳಿಗೆ ಮತ್ತೆ ಎಂಬಿಆರ್ ಕೊಟ್ಟಿತು. ಅವೇ ಯಂತ್ರಗಳಿಗೆ ಜಿಪಿಟಿ ಸಹಜ ಆಯ್ಕೆಯಾಗಿ ಮರಳಿದ್ದು 2022ರ ನವೆಂಬರ್‌ನಲ್ಲಿ ಬಂದ ಫೆಡೋರಾ 37ರಲ್ಲಿ.