ಬಾಡಿಗೆಯ ವಿಮಾನವೂ ಅಢಾವೆ ಪತ್ರಿಕೆಯೂ

ಪ್ರಶ್ನೆ: ಬಾಡಿಗೆಗೆ ವಿಮಾನ ಪಡೆದು ಹಾರಿಸುವ ಕಂಪನಿಗಳ ಸಾಲವು 2019ರಲ್ಲಿ ಒಮ್ಮೆಲೇ ಹೆಚ್ಚಿದಂತೆ ಕಂಡುದೇಕೆ?

ಉತ್ತರ: ಹೊಣೆಯು ಮೊದಲೇ ಇದ್ದಿತು. ಆದರೆ ಹಲವು ವರ್ಷಗಳ ಅವಧಿಗೆ ವಿಮಾನವನ್ನು ಗುತ್ತಿಗೆ ಹಿಡಿದ ಕಂಪನಿಯು, ಆಯಾ ವರ್ಷದ ಬಾಡಿಗೆಯನ್ನಷ್ಟೇ ವೆಚ್ಚವೆಂದು ಬರೆದು, ಮುಂದೆ ತೆರಲೇಬೇಕಾದ ಹಣವನ್ನು ಸಾಮಾನ್ಯವಾಗಿ ಟಿಪ್ಪಣಿಗಳಲ್ಲಿ ಸೂಚಿಸಿ ಸುಮ್ಮನಾಗುತ್ತಿದ್ದಿತು. 2019ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕಮಾನಕವು, ಆ ಮುಂದಣ ಕಂತುಗಳನ್ನು ತಕ್ಕ ಬಡ್ಡಿದರದಿಂದ ಇಂದಿನ ಮೌಲ್ಯಕ್ಕಿಳಿಸಿ, ಒಂದೆಡೆ ಹೊಣೆಯೆಂದೂ ಮತ್ತೊಂದೆಡೆ ಬಳಕೆಯ ಹಕ್ಕೆಂಬ ಆಸ್ತಿಯೆಂದೂ ಅಢಾವೆ ಪತ್ರಿಕೆಯಲ್ಲಿಯೇ ನಮೂದಿಸತಕ್ಕದ್ದೆಂದು ವಿಧಿಸಿತು. ಹನ್ನೆರಡು ತಿಂಗಳು ಮೀರದ ಗುತ್ತಿಗೆಗಳಿಗೂ ಅಲ್ಪಮೌಲ್ಯದ ವಸ್ತುಗಳ ಗುತ್ತಿಗೆಗಳಿಗೂ ಮಾತ್ರ ವಿನಾಯಿತಿಯುಂಟು.

ಈ ಪರಿವರ್ತನೆಗೆ ಮಾರ್ಗಗಳೆರಡು. ಹಿಂದಿನ ವರ್ಷದ ಅಂಕಿಗಳನ್ನೂ ಹೊಸ ನಿಯಮದಂತೆ ತಿದ್ದಿ ತೋರಿಸುವುದೊಂದು. ಒಟ್ಟು ವ್ಯತ್ಯಾಸವನ್ನು ಆರಂಭದ ದಿನದ ಸಂಚಿತ ಲಾಭದಲ್ಲಿ ಹೊಂದಿಸಿಬಿಡುವುದು ಇನ್ನೊಂದು. ಎರಡನೆಯದು ಸುಲಭವೇ ಸರಿ. ಆದರೆ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬಯಸುವ ಷೇರುದಾರನಿಗೆ ಮೊದಲನೆಯದರಿಂದಲೇ ನ್ಯಾಯ ದೊರೆಯುವುದೆಂಬುದು ನನ್ನ ದೃಢವಾದ ಅಭಿಮತ.

ಮುಂದಿನ ಹೊರೆಯನ್ನು ಇಂದೇ ಲೆಕ್ಕಕ್ಕೆ ತರಬೇಕೆಂಬುದೇ ಗುತ್ತಿಗೆಯ ಈ ಮಾನಕದ ತಿರುಳು; ಸಾಲನಷ್ಟದ ನಿಯಮವನ್ನೊಳಗೊಂಡ ಇಂಡ್ ಎಎಸ್ 109ರ ಆಶಯವೂ ಇಂಥದೇ: ಬಾಕಿದಾರನು ಕೈಯೆತ್ತುವವರೆಗೆ ಕಾಯದೆ, ನಿರೀಕ್ಷಿತ ನಷ್ಟಕ್ಕೆ ಮುಂಚಿತವಾಗಿಯೇ ಹಣ ತೆಗೆದಿರಿಸಬೇಕು.